ಕುಡಿತ ವಂಶದ್ದೋ, ಅಂಗಡಿಯದ್ದೋ?

"ಅವರಪ್ಪ ಕುಡೀತಿದ್ದ, ಇವನೂ ಕುಡೀತಾನೆ. ರಕ್ತದಲ್ಲೇ ಬಂದದ್ದು, ಯಾರೇನು ಮಾಡೋಕಾಗುತ್ತೆ?" ಪರಿಗಿಯಲ್ಲಿ ಕನ್ನಡದಲ್ಲಿ ಕೇಳುವ ಈ ಮಾತು ಹಿಂದೂಪುರದ ಮಂಡಿಗೆ ಹೋದರೆ "ವಾಳ್ಳ ನಾಯನ ತಾಗೇವಾಡು, ವೀಡೂ ತಾಗುತಾಡು" ಎಂದು ತೆಲುಗಾಗುತ್ತದೆ. ಕಲ್ಯಾಣದುರ್ಗದ ಕಡೆಯೂ ಇದೇ, ಈಚೆ ಪಾವಗಡದಲ್ಲೂ ಇದೇ. ಭಾಷೆ ಎರಡಾದರೂ ತೀರ್ಪು ಮಾತ್ರ ಒಂದೇ.

ಈ ತೀರ್ಪು ಬಹಳ ಜನಕ್ಕೆ ಅನುಕೂಲವಾಗಿದೆ. ಕುಡಿಯುವವನಿಗೆ ತಪ್ಪು ತನ್ನದಲ್ಲ ಎಂಬ ಸಮಾಧಾನ. ಮಾರುವವನಿಗೆ ತಾನು ಬರೀ ಕೊಡುವವನು, ಕುಡಿಸಿದ್ದು ಅವನ ವಂಶ ಎಂಬ ನೆಪ. ಸರ್ಕಾರಕ್ಕೆ ಅಬಕಾರಿ ಹಣ ಎಣಿಸಿಕೊಳ್ಳಲು ಅಡ್ಡಿಯಿಲ್ಲ. ಅನುಕೂಲ ಆಗದವರು ಇಬ್ಬರೇ: ಕೂಲಿ ದುಡ್ಡಿಗೆ ಬಾಗಿಲಲ್ಲಿ ಕಾದು ಕೂತ ಹೆಂಗಸು, ಮತ್ತು "ನಿನ್ನ ಹಣೆಬರಹಾನೂ ಇಷ್ಟೇ ಕಣೋ" ಅನ್ನುವುದನ್ನು ಕೇಳುತ್ತಲೇ ಬೆಳೆಯುವ ಅವಳ ಮಗ.

ಹಾಗಾದರೆ ರಕ್ತದಲ್ಲಿ ಏನೂ ಇಲ್ಲವೇ? ಇದೆ. ಆದರೆ ಇರುವುದು ನಾವು ಅಂದುಕೊಂಡದ್ದಲ್ಲ. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಇಬ್ಬರು ಹಮಾಲರು

ಹೊಟ್ಟೆಗಿಳಿದ ಮದ್ಯ ರಕ್ತ ಸೇರಿ ಪಿತ್ತಜನಕಾಂಗಕ್ಕೆ, ಅಂದರೆ ನಾವು ಲಿವರ್ ಅನ್ನುವ ಅಂಗಕ್ಕೆ ಬರುತ್ತದೆ. ಅಲ್ಲಿ ಮುಖ್ಯವಾಗಿ ಎರಡು ಕಿಣ್ವಗಳು ಕೆಲಸ ಮಾಡುತ್ತವೆ. ಕಿಣ್ವ ಎಂದರೆ ಒಂದು ಪದಾರ್ಥವನ್ನು ಇನ್ನೊಂದಾಗಿ ಮಾರ್ಪಡಿಸಲು ದೇಹವೇ ತಯಾರಿಸಿಕೊಂಡ ಪ್ರೋಟೀನು. ಹಿಂದೂಪುರದ ಹುಣಸೆ ಮಂಡಿಯಲ್ಲಿ ಲೋಡು ಇಳಿಸುವುದನ್ನು ನೆನಪು ಮಾಡಿಕೊಳ್ಳಿ. ಒಬ್ಬ ಹಮಾಲ ಲಾರಿಯಿಂದ ಮೂಟೆ ಇಳಿಸಿ ಜಗಲಿಗೆ ಹಾಕುತ್ತಾನೆ, ಇನ್ನೊಬ್ಬ ಜಗಲಿಯಿಂದ ಎತ್ತಿ ಗೋಡೌನಿಗೆ ಸಾಗಿಸುತ್ತಾನೆ.

ಲಿವರಿನಲ್ಲಿ ಮೊದಲ ಹಮಾಲನ ಹೆಸರು ಆಲ್ಕೋಹಾಲ್ ಡಿಹೈಡ್ರೋಜಿನೇಸ್. ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಬದಲಾಯಿಸುವುದು ಅವನ ಕೆಲಸ. ಎರಡನೆಯವನು ಆಲ್ಡಿಹೈಡ್ ಡಿಹೈಡ್ರೋಜಿನೇಸ್. ಅವನು ಆ ವಿಷವನ್ನು ಎತ್ತಿ ಅಸಿಟೇಟ್ ಎಂಬ ತೊಂದರೆಯಿಲ್ಲದ ವಸ್ತುವಾಗಿ ಮಾಡುತ್ತಾನೆ. ಇಬ್ಬರೂ ಸಮಸಮ ದುಡಿದರೆ ಜಗಲಿ ಖಾಲಿಯಾಗುತ್ತಿರುತ್ತದೆ. ಮೊದಲನೆಯವನು ದಬದಬ ಇಳಿಸಿ ಎರಡನೆಯವನು ನಿಧಾನ ಮಾಡಿದರೆ ಜಗಲಿ ತುಂಬಾ ವಿಷದ ಮೂಟೆ.

ಈ ಹಮಾಲರು ಲೋಡು ಹೆಚ್ಚು ಬಂತೆಂದು ಅವಸರ ಮಾಡುವವರಲ್ಲ. ಲೆಕ್ಕ ಹಾಕಿ ನೋಡಿ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ಬಾಟಲಿಯ ಮೇಲೆ ಶೇ. 42.8 ಅಂತ ಅಚ್ಚಾಗಿರುತ್ತದೆ. ತೂಕಕ್ಕೆ ಹಿಡಿದರೆ ಅದರಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಸಾಮಾನ್ಯ ಆಳಿನ ಲಿವರು ಗಂಟೆಗೆ ತೆಗೆಯುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ರಾತ್ರಿ 10 ಗಂಟೆಗೆ ಕ್ವಾರ್ಟರ್ ಮುಗಿಸಿದವನ ರಕ್ತ ತಿಳಿಯಾಗುವ ಹೊತ್ತಿಗೆ ಬೆಳಗಿನ ಜಾವ 4 ಆಗಬಹುದು, 6 ದಾಟಲೂಬಹುದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಯಾವುದೂ ಇದನ್ನು ಬೇಗ ಮಾಡಿಸುವುದಿಲ್ಲ. ಬೆಳಗ್ಗೆ 5ಕ್ಕೇ ರೇಷ್ಮೆ ಗೂಡು ತುಂಬಿಕೊಂಡು ಮಾರುಕಟ್ಟೆಗೆ ಗಾಡಿ ಹೊರಡಿಸುವವರು ಈ ಲೆಕ್ಕವನ್ನು ಡ್ರೈವರಿಗೂ ಹೇಳಿರಲಿ.

ನಮಗಿಲ್ಲದ ಬೇಲಿ

ಈಗ ವಂಶದ ಮಾತಿಗೆ ಬರೋಣ. ಕಡಲೆಕಾಯಿಯಲ್ಲಿ ಟಿಎಂವಿ-2 ಬೇರೆ, ಕದಿರಿ-6 ಬೇರೆ ಇದ್ದ ಹಾಗೆ ಈ ಕಿಣ್ವಗಳಲ್ಲೂ ತಳಿಭೇದ ಉಂಟು. ಕಿಣ್ವ ಹೇಗಿರಬೇಕೆಂದು ತಂದೆತಾಯಿಯಿಂದ ಬಂದ ಬರಹವೇ ಜೀನು. ಆ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹಮಾಲನ ಕಸುವು ಬದಲಾಗುತ್ತದೆ.

ಚೀನಾ, ಜಪಾನ್, ಕೊರಿಯಾ ಜನರಲ್ಲಿ 100ಕ್ಕೆ 35-40 ಮಂದಿಗೆ ಎರಡನೆಯ ಹಮಾಲ ಹುಟ್ಟಿನಿಂದಲೇ ದುರ್ಬಲ. ಅಂಥವರು ಅರ್ಧ ಲೋಟ ಕುಡಿದರೆ ಸಾಕು, ಮುಖ ಕೆಂಪೇರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಲೋಕದಲ್ಲಿ ಇಂಥವರು 50 ಕೋಟಿಗೂ ಹೆಚ್ಚು. ತಂದೆ, ತಾಯಿ ಇಬ್ಬರಿಂದಲೂ ಈ ಜೀನು ಪಡೆದವರಲ್ಲಿ ಕುಡುಕರಾಗುವವರು ಬಲು ಅಪರೂಪ. ಕುಡಿಯೋಣ ಅಂದರೂ ಮೈ ಬಿಡುವುದಿಲ್ಲ. ಇನ್ನೊಂದು ಭೇದದಲ್ಲಿ ಮೊದಲ ಹಮಾಲ ವಿಪರೀತ ಚುರುಕು. ಅದು ಪೂರ್ವ ಏಷ್ಯಾದಲ್ಲಿ ಬಹುಪಾಲು ಜನರಲ್ಲಿದೆ, ಪಶ್ಚಿಮ ಏಷ್ಯಾದಲ್ಲೂ ಸಾಕಷ್ಟಿದೆ. ಅದೂ ಕುಡಿತದ ಚಟದಿಂದ ಒಂದಷ್ಟು ಕಾಪಾಡುತ್ತದೆ. ಈಚಿನ ವರ್ಷಗಳಲ್ಲಿ ಲಕ್ಷಾಂತರ ಜನರ ಜೀನುಗಳನ್ನು ಜರಡಿ ಹಿಡಿದಾಗಲೂ ಕುಡಿತದ ಸಂಬಂಧವಾಗಿ ಮತ್ತೆ ಮತ್ತೆ ಮೇಲೆ ನಿಂತದ್ದು ಈ ಹಮಾಲರ ಜೀನುಗಳೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಿಜ್ಞಾನಿಗಳಿಗೆ ಖಾತ್ರಿಯಾಗಿ ಸಿಕ್ಕ ಈ ದೊಡ್ಡ ಜೀನುಗಳು ಕುಡಿಸುವ ಜೀನುಗಳಲ್ಲ, ಕುಡಿಯದಂತೆ ತಡೆಯುವ ಜೀನುಗಳು. ಈಶಾನ್ಯ ಭಾರತದ ಕೆಲವು ಸಮುದಾಯಗಳನ್ನು ಬಿಟ್ಟರೆ ಮುಖ ಕೆಂಪೇರಿಸುವ ಆ ಜೀನು ನಮ್ಮ ದೇಶದಲ್ಲಿ ಬಹಳ ವಿರಳ. ಯುರೋಪಿನ ಜನಕ್ಕೂ ಅದಿಲ್ಲ. ಹಾಗಾಗಿ ನಮ್ಮವರ ರಕ್ತದಲ್ಲಿ ಬೇಡದ್ದೇನೋ ಸೇರಿಕೊಂಡಿದೆ ಅನ್ನುವುದಕ್ಕಿಂತ, ಕೆಲವರಿಗೆ ಪ್ರಕೃತಿಯೇ ಹಾಕಿಕೊಟ್ಟ ಬೇಲಿ ನಮಗಿಲ್ಲ ಅನ್ನುವುದು ಸರಿ. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿದರೆ ಭೂಮಿಯದೇ ತಪ್ಪು ಅನ್ನುತ್ತೇವೆಯೇ?

ಇದೇ ಉಸಿರಿನಲ್ಲಿ ಜಾತಿಯ ಮಾತನ್ನೂ ಮುಗಿಸಿಬಿಡೋಣ. "ಆ ಜಾತಿಯವರ ರಕ್ತವೇ ಹಾಗೆ" ಅನ್ನುವುದು ಗಡಿಯ ಎರಡೂ ಕಡೆ ಉಂಟು. ನಮ್ಮ ಸೀಮೆಯ ಯಾವ ಜಾತಿಗೂ ಪ್ರತ್ಯೇಕ ಕುಡಿತದ ಜೀನು ಇದೆಯೆಂದು ಯಾವ ವಿಜ್ಞಾನವೂ ತೋರಿಸಿಲ್ಲ. ಕೇರಿಯ ಪಕ್ಕದಲ್ಲೇ ಅಂಗಡಿ ಇಟ್ಟು, ಕೂಲಿಯ ಜತೆ ಎಣ್ಣೆ ಕೊಟ್ಟು, ಆಮೇಲೆ ಕೇರಿಯ ರಕ್ತ ಸರಿಯಿಲ್ಲ ಅನ್ನುವುದು ನ್ಯಾಯವಲ್ಲ.

"ಎಷ್ಟು ಹಾಕಿದರೂ ಸ್ಟೆಡಿ"

ಆದರೂ ಕುಡುಕರ ಮಕ್ಕಳೇ ಹೆಚ್ಚಾಗಿ ಕುಡುಕರಾಗುತ್ತಾರಲ್ಲ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಮನೆಯ ಪ್ರಭಾವ ಎಷ್ಟು, ಹುಟ್ಟಿನದು ಎಷ್ಟು ಎಂದು ಬೇರ್ಪಡಿಸಲು ಡೆನ್ಮಾರ್ಕಿನಲ್ಲಿ ಒಂದು ಅಧ್ಯಯನ ನಡೆದು 1973ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಹೆತ್ತವರಲ್ಲೊಬ್ಬರು ಕುಡುಕರಾಗಿದ್ದವರ ಪೈಕಿ 100ಕ್ಕೆ 18 ಮಂದಿ ಕುಡುಕರಾಗಿದ್ದರು. ಉಳಿದ ದತ್ತುಮಕ್ಕಳಲ್ಲಿ 100ಕ್ಕೆ 5. ಅಂದರೆ ಹುಟ್ಟಿನ ಪಾಲು ಇದ್ದೇ ಇದೆ, ಹೆಚ್ಚುಕಡಿಮೆ ನಾಲ್ಕು ಪಟ್ಟು ಅಪಾಯ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ಓದಿ. ಕುಡುಕರಿಗೆ ಹುಟ್ಟಿದವರಲ್ಲೇ 100ಕ್ಕೆ 82 ಮಂದಿ ಕುಡುಕರಾಗಲಿಲ್ಲ!

ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರೆ ಕುಡಿತದ ಚಟದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಸುಮಾರು ಅರ್ಧ ಕಾರಣ ಜೀನು, ಇನ್ನರ್ಧ ಬಾಳಿನ ಸನ್ನಿವೇಶ. ಈ ಅರ್ಧವನ್ನು ರೈತರಿಗೆ ವಿವರಿಸಬೇಕಿಲ್ಲ. ಒಂದೇ ಚೀಲದ ಬಿತ್ತನೆ ಬೀಜ ಒಬ್ಬನ ಹೊಲದಲ್ಲಿ ಎಕರೆಗೆ ಹತ್ತು ಚೀಲ ಕೊಡುತ್ತದೆ, ಮಳೆ ಕೈಕೊಟ್ಟ ಇನ್ನೊಬ್ಬನ ಹೊಲದಲ್ಲಿ ಹಾಕಿದ ಬೀಜವೂ ಬರುವುದಿಲ್ಲ. 1990ರಲ್ಲಿ ಅಮೆರಿಕದಲ್ಲಿ "ಕುಡಿತದ ಜೀನು ಸಿಕ್ಕಿತು" ಎಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಬೇರೆ ಕಡೆ ಹುಡುಕಿದವರಿಗೆ ಅದೇ ಫಲ ಸಿಗಲಿಲ್ಲ. ಅಂಥ ಒಂಟಿ ಜೀನು ಇಲ್ಲ. ಅಷ್ಟಿಷ್ಟು ಪಾಲಿನ ನೂರಾರು ಜೀನುಗಳಿವೆ.

ಹುಟ್ಟಿನಿಂದ ಬರುವ ಒಂದು ಗುಣವನ್ನಂತೂ ನಮ್ಮ ಜನ ತಪ್ಪಾಗಿ ಓದುತ್ತಿದ್ದಾರೆ. ಮದುವೆ, ಜಾತ್ರೆ, ಚುನಾವಣೆ ಸಮಯದಲ್ಲಿ ಕೇಳಿ: "ನಮ್ಮ ಹುಡುಗ ಎಷ್ಟು ಹಾಕಿದರೂ ಸ್ಟೆಡಿ, ಅಲ್ಲಾಡಲ್ಲ." ಗಂಡಸುತನದ ಬಿರುದು ಇದು. ಅಮೆರಿಕದ ಮಾರ್ಕ್ ಶುಕಿಟ್ ಎಂಬ ಮನೋವೈದ್ಯರು ಯುವಕರಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಯಾರಿಗೆ ಎಷ್ಟು ನಶೆ ಏರುತ್ತದೆಂದು ಬರೆದಿಟ್ಟುಕೊಂಡು, ಸುಮಾರು ಹತ್ತು ವರ್ಷ ಬಿಟ್ಟು ಅವರನ್ನೇ ಮತ್ತೆ ಕಂಡರು. 1994ರಲ್ಲಿ ಪ್ರಕಟವಾದ ಫಲ ಹೀಗಿದೆ. ಕುಡುಕ ತಂದೆಯ ಮಕ್ಕಳಲ್ಲಿ, ಕುಡಿದರೂ ನಶೆ ಅಷ್ಟಾಗಿ ಏರದಿದ್ದವರ ಪೈಕಿ 100ಕ್ಕೆ 56 ಮಂದಿ ಚಟಕ್ಕೆ ಬಿದ್ದಿದ್ದರು. ಬೇಗ ನಶೆ ಏರಿದವರಲ್ಲಿ 100ಕ್ಕೆ 14 ಮಾತ್ರ. ಬೇಗ ತೂರಾಡುವವನಿಗೆ ಸಾಕು ಅನ್ನುವುದನ್ನು ಮೈಯೇ ಹೇಳುತ್ತದೆ. ಸ್ಟೆಡಿ ಇರುವವನಿಗೆ ಆ ಗಂಟೆ ಬಾರಿಸುವುದೇ ಇಲ್ಲ, ಲಿವರಿಗೆ ಬೀಳುವ ಲೋಡು ಮಾತ್ರ ಬೀಳುತ್ತಲೇ ಇರುತ್ತದೆ. ಆದ್ದರಿಂದ ಅಪ್ಪನೂ ಕುಡುಕ, ಹುಡುಗನೂ "ಸ್ಟೆಡಿ" ಅಂದರೆ ಅದು ಹೊಗಳುವ ಸಂಗತಿಯಲ್ಲ, ಮನೆಯವರು ಎಚ್ಚರಾಗಬೇಕಾದ ಸಂಗತಿ.

ಬೇಲಿಯೂ ಮುರಿಯುತ್ತದೆ

ಪ್ರಕೃತಿ ಬೇಲಿ ಹಾಕಿಕೊಟ್ಟವರಾದರೂ ಕ್ಷೇಮವೇ ಎಂದರೆ, ಜಪಾನಿನ ಕಥೆ ಕೇಳಿ. ಆಸ್ಪತ್ರೆ ಸೇರಿದ ಕುಡುಕರಲ್ಲಿ ಆ ರಕ್ಷಕ ಜೀನು ತಂದೆ ಅಥವಾ ತಾಯಿ ಒಬ್ಬರಿಂದ ಬಂದವರು ಎಷ್ಟು ಎಂದು ಅಲ್ಲಿ ಲೆಕ್ಕ ಇಟ್ಟಿದ್ದಾರೆ. 1979ರಲ್ಲಿ 100ಕ್ಕೆ 2.5 ಇದ್ದದ್ದು 1986ರಲ್ಲಿ 8 ಆಯಿತು, 1992ರಲ್ಲಿ 13 ಆಯಿತು. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನು ಬದಲಾಗುವುದಿಲ್ಲ. ಬದಲಾದದ್ದು ಸುತ್ತಲಿನ ಸಮಾಜ. ಮದ್ಯ ಹೆಚ್ಚಿತು, ಕಛೇರಿ ಮುಗಿದ ಮೇಲೆ ಮೇಲಧಿಕಾರಿ ಜತೆ ಕೂತು ಕುಡಿಯುವುದು ಮರ್ಯಾದೆಯಾಯಿತು, ವಾಕರಿಸಿಕೊಂಡಾದರೂ ಕುಡಿದರು. ಅಂಥವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಬಹಳ ಹೆಚ್ಚೆಂದೂ ಗೊತ್ತಾಗಿದೆ. ಒಳಗಿನ ಬೇಲಿ ಇದ್ದವರ ಗತಿಯೇ ಹೀಗಾದರೆ, ಅದು ಇಲ್ಲದ ನಾವು ಹೊರಗಿನ ಬೇಲಿಯನ್ನು ಎಷ್ಟು ಗಟ್ಟಿ ಮಾಡಿಕೊಳ್ಳಬೇಕು!

ಗಡಿಯ ಬೇಲಿಗೆ ಎರಡು ಕಂಡಿ

ಹೊರಗಿನ ಬೇಲಿ ಹಾಕಬೇಕಾದ್ದು ಸರ್ಕಾರ. ನಮ್ಮ ಗಡಿಯಲ್ಲಿ ಅದು ನಡೆದ ಬಗೆ ಹೇಗಿದೆ ನೋಡಿ. 80ರ ದಶಕದಲ್ಲಿ ಆಂಧ್ರ ಸರ್ಕಾರವೇ ವಾರುಣಿ ವಾಹಿನಿ ಹೆಸರಲ್ಲಿ ಸಾರಾಯಿಯನ್ನು ಪ್ಯಾಕೆಟ್ ಮಾಡಿ ಹಳ್ಳಿಗೆ ಕಳಿಸಿತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿತು, ಪಾಠದಲ್ಲಿ ಓದಿದ್ದನ್ನೇ ಮಾಡಿ ತೋರಿಸಿ, ಸಾರಾಯಿ ಅಂಗಡಿ ಮುಚ್ಚಿಸಿದರು. 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಂತಿತು. ನಮ್ಮ ಹಿಂದೂಪುರದಿಂದ ಆರಿಸಿಬಂದಿದ್ದ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿ 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧ ತಂದರು. 1997ರಲ್ಲಿ ಅದು ಹೋಯಿತು. ಅಷ್ಟು ದಿನವೂ ಈಚೆ ಕರ್ನಾಟಕದ ಅಂಗಡಿಗಳು ತೆರೆದೇ ಇದ್ದವು. 2007ರ ಜುಲೈ 1ರಿಂದ ಕರ್ನಾಟಕ ಸಾರಾಯಿ ನಿಲ್ಲಿಸಿತು, ಬ್ರಾಂದಿ, ವಿಸ್ಕಿ ಉಳಿದವು. 2019ರಲ್ಲಿ ಆಂಧ್ರ ಅಂಗಡಿಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡು ಬೆಲೆ ಏರಿಸಿತು. ಕರ್ನಾಟಕದ ಟೆಟ್ರಾ ಪ್ಯಾಕು ಗಡಿ ದಾಟತೊಡಗಿತು. 2024ರ ಅಕ್ಟೋಬರಿನಲ್ಲಿ ಅಲ್ಲಿ ಖಾಸಗಿ ಅಂಗಡಿಗಳು ಮತ್ತೆ ಬಂದವು, 99 ರೂಪಾಯಿಗೆ ಕ್ವಾರ್ಟರೂ ಬಂತು.

ಒಂದು ಕಡೆ ಮುಚ್ಚಿದಾಗ ಇನ್ನೊಂದು ಕಡೆ ತೆರೆದಿದೆ. ಪಾವಗಡ ಆಂಧ್ರದೊಳಗೆ ಚಾಚಿದೆ, ಮಡಕಶಿರಾ ಕರ್ನಾಟಕದೊಳಗೆ ಚಾಚಿದೆ. ಹಿಂದೂಪುರದಲ್ಲಿ ರೈಲು ಹತ್ತಿದರೆ ಗೌರಿಬಿದನೂರು. ಬಾಟಲಿಗೆ ಗಡಿ ಎಲ್ಲಿದೆ ಸ್ವಾಮಿ? ಕರ್ನಾಟಕಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ಆಂಧ್ರಕ್ಕೂ ಸಾವಿರಾರು ಕೋಟಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಹಾಗೆಂದು ಅಂಗಡಿ ಮುಚ್ಚಿದರೆ ಸಾಕೆಂದೂ ಅಲ್ಲ. ಕಳ್ಳಭಟ್ಟಿಯ ಅಪಾಯ ಇದಕ್ಕಿಂತ ಭಯಂಕರ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಂತ ಮರುವರ್ಷವೇ, ಕರ್ನಾಟಕ-ತಮಿಳುನಾಡು ಸೀಮೆಯಲ್ಲಿ ಮತ್ತೆ 100ಕ್ಕೂ ಹೆಚ್ಚು ಹೆಣ ಬಿದ್ದವು. ಅಲ್ಲೂ ಕೆಲಸ ಮಾಡಿದ್ದು ಅದೇ ಮೊದಲ ಹಮಾಲ. ಕಾರ್ಖಾನೆಯ ಮೆಥನಾಲ್ ಹೊಟ್ಟೆಗೆ ಹೋದರೆ ಆ ಕಿಣ್ವಕ್ಕೆ ಭೇದ ತಿಳಿಯದು. ಅದನ್ನೂ ಇಳಿಸಿ ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಫಾರ್ಮಿಕ್ ಆಮ್ಲವಾಗಿ ಕಣ್ಣು ತೆಗೆಯುತ್ತದೆ, ಜೀವ ತೆಗೆಯುತ್ತದೆ. ಕುಡಿದ ಮರುದಿನ ಕಣ್ಣು ಮಂಜಾದರೆ, ಹೊಟ್ಟೆನೋವು, ಏದುಸಿರು ಬಂದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಆ ಕಿಣ್ವವನ್ನು ತಡೆದು ನಿಲ್ಲಿಸುವ ಮದ್ದು ಅಲ್ಲಿ ಕೊಡುತ್ತಾರೆ.

ಪುಡಿ ಬೇಡ, ಚಿಕಿತ್ಸೆ ಬೇಕು

ಕುಡಿತ ಬಿಡಿಸುವ ಪುಡಿ ಎಂದು ಸಂತೆಯಲ್ಲಿ, ಬಸ್ಟ್ಯಾಂಡಿನಲ್ಲಿ ಮಾರುತ್ತಾರೆ. "ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಮ್ಮಾ" ಅಂತಾರೆ. ಅಂಥದರಲ್ಲಿ ಏನಿದೆ ಎಂದು ಕೊಂಡವರಿಗೆ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧ ಒಂದುಂಟು. ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಅದನ್ನು ಹೊಟ್ಟೆಹುಳುವಿನ ಮದ್ದಾಗಿ ಪರೀಕ್ಷಿಸಲು ತಾವೇ ನುಂಗಿ, ಆಮೇಲೆ ಮದ್ಯ ಕುಡಿದಾಗ ಮುಖ ಕೆಂಪೇರಿ ಒದ್ದಾಡಿದರು. 1948ರಲ್ಲಿ ಇದನ್ನು ಪ್ರಕಟಿಸಿದರು. ಆ ಮಾತ್ರೆ ಎರಡನೆಯ ಹಮಾಲನ ಕೈ ಕಟ್ಟಿಹಾಕುತ್ತದೆ. ಜಪಾನಿನವರಿಗೆ ಹುಟ್ಟಿನಿಂದ ಬಂದದ್ದನ್ನು ನಮಗೆ ಮಾತ್ರೆಯಿಂದ ತಂದುಕೊಟ್ಟಂತೆ. ಆದರೆ ಇದನ್ನು ವೈದ್ಯರ ಸಲಹೆಯಲ್ಲಿ, ಕುಡಿಯುವವನ ಒಪ್ಪಿಗೆಯಿಂದಲೇ ಕೊಡಬೇಕು. ಗೊತ್ತಿಲ್ಲದೆ ನುಂಗಿದವನು ಹೋಗಿ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ಇನ್ನೊಂದು. ವರ್ಷಗಟ್ಟಲೆ ದಿನಾ ಕುಡಿದವನು ಅಯ್ಯಪ್ಪ ಮಾಲೆ ಹಾಕಿಯೋ, ದೇವರ ಮೇಲೆ ಆಣೆ ಇಟ್ಟೋ ಒಂದೇ ದಿನಕ್ಕೆ ಬಿಡುತ್ತಾನೆ. ಮನಸ್ಸು ದೊಡ್ಡದು, ನಿಜ. ಆದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಇಲ್ಲದ್ದೆಲ್ಲ ಕಂಡು ಬಡಬಡಿಸಿದರೆ ಅದು ಸ್ವಾಮಿ ಮೈಮೇಲೆ ಬಂದದ್ದಲ್ಲ, ಮದ್ಯ ಸಿಗದ ಮಿದುಳಿನ ಒದ್ದಾಟ. ಫಿಟ್ಸ್ ಬರಬಹುದು, ಸಾವೂ ಆಗಬಹುದು. ಅಂಥವರು ಡಾಕ್ಟರಿಗೆ ಹೇಳಿಯೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕಾಸಿಲ್ಲದೆ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ ಮಾತಾಡಬಹುದು.

"ಗಂಡಸರೆಲ್ಲ ಕುಡೀತಾರೆ ಬಿಡಿ" ಅನ್ನುವವರಿಗೂ ಉತ್ತರವಿದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ದೇಶದ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು 100ಕ್ಕೆ ಸುಮಾರು 27. ಮುಕ್ಕಾಲು ಪಾಲು ಗಂಡಸರು ಕುಡಿಯುವುದಿಲ್ಲ. ಅವರಿಗೂ ಆ ಬೇಲಿಯ ಜೀನು ಇರಲಿಲ್ಲ. ಅವರನ್ನು ಕಾಪಾಡಿದ್ದು ಮನೆ, ಊರು, ಅಭ್ಯಾಸ.

ಆದ್ದರಿಂದ ಮಾಡಬೇಕಾದ್ದು ಇಷ್ಟು. ಕುಡುಕ ಅಪ್ಪನ ಮಗನಿಗೆ "ನೀನೂ ಹಾಗೇ ಆಗ್ತೀಯ" ಅನ್ನುವುದು ನಿಲ್ಲಲಿ. "ನಿನಗೆ ಅಪಾಯ ಹೆಚ್ಚು, ಮೊದಲ ಲೋಟವನ್ನೇ ಮುಟ್ಟಬೇಡ" ಎಂದು ಮೀಸೆ ಮೂಡುವ ಮುಂಚೆಯೇ ಹೇಳಿ. ಕಡಲೆಕಾಯಿ ಕೀಳಿಸುವವರು, ಲೋಡು ತುಂಬಿಸುವವರು ಕೂಲಿಯ ಜತೆ ಎಣ್ಣೆ ಕೊಡುವ ಪದ್ಧತಿ ಬಿಡಲಿ. ಆ ನಲವತ್ತೋ ಐವತ್ತೋ ರೂಪಾಯಿಯನ್ನು ಕೂಲಿಗೇ ಸೇರಿಸಲಿ, ಹಗಲಲ್ಲೇ ಕೊಡಲಿ. ಶ್ರೀ ಸತ್ಯಸಾಯಿ, ಅನಂತಪುರ, ತುಮಕೂರು, ಚಿಕ್ಕಬಳ್ಳಾಪುರ, ಚಿತ್ರದುರ್ಗ ಜಿಲ್ಲೆಗಳ ಅಬಕಾರಿ ಅಧಿಕಾರಿಗಳು ಒಂದೇ ಮೇಜಿಗೆ ಕೂತು, ಗಡಿಯ ಹಳ್ಳಿಗಳ ಬೆಲ್ಟ್ ಷಾಪುಗಳನ್ನು ಎರಡೂ ಕಡೆ ಒಂದೇ ದಿನ ಎತ್ತಿಸಲಿ. ಗ್ರಾಮಸಭೆಯಲ್ಲಿ ಹೆಂಗಸರು ಬೇಡ ಅಂದ ಊರಿಗೆ ಅಂಗಡಿಯ ಲೈಸೆನ್ಸು ಕೊಡದಿರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತುವವರು ಎರಡೂ ಕಡೆಯ ಹಳ್ಳಿಗಳಿಂದ ಒಟ್ಟಿಗೇ ಎತ್ತಬೇಕು. ಒಂದೇ ಕಡೆಯವರು ಎತ್ತಿದರೆ ಅಂಗಡಿ ಗಡಿಯಾಚೆಗೆ ಹೋಗುತ್ತದೆ, ಅಷ್ಟೇ.